ಮೇಡಂ, ಸಂವಿಧಾನಕ್ಕ ಯಾವ ಗೈಡ್ ತಗೊಳ್ಳಲಿ?

ಕಾನೂನು ಕಾಲೇಜಿನಲ್ಲಿ ಸಂವಿಧಾನದ ಪೇಪರ್ ಕಲಿಸಲು ಹೊಸದಾಗಿ ಸೇರಿರುವ ತಮ್ಮಂದಿರಿಗೂ ತಂಗಿಯರಿಗೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಸ್ತಾವನೆಯನ್ನು ನೀವು ಎಷ್ಟೇ ಚಂದ ಪಾಠ ಮಾಡಿ, ಗಂಟೆ ಹೊಡೆದ ಮೇಲೆ ನಿಮ್ಮ ಮೇಜಿನ ಹತ್ತಿರ ಬಂದು ನಿಲ್ಲುವ ವಿದ್ಯಾರ್ಥಿ ಸಮಾನತೆಯ ಬಗ್ಗೆ ಕೇಳುವುದಿಲ್ಲ, ಸ್ವಾತಂತ್ರ್ಯದ ಬಗ್ಗೆಯೂ ಕೇಳುವುದಿಲ್ಲ. “ಮೇಡಂ, ಯಾವ ಗೈಡ್ ತಗೊಳ್ಳಲಿ?” ಅಂತ ಕೇಳುತ್ತಾನೆ. ಸಿಟ್ಟಾಗಬೇಡಿ. ನಾನು ಬೇಕಾದಷ್ಟು ಸಿಟ್ಟಾಗಿದ್ದೇನೆ, ನಿಮ್ಮ ಪಾಲಿನದ್ದೂ ಅದರಲ್ಲೇ ಮುಗಿಯಿತು ಅಂದುಕೊಳ್ಳಿ. ಕೂತು ಉತ್ತರ ಕೊಡಿ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ನಾನು ಕಂಡಿಲ್ಲ.

ನಾನು ಸೇರಿದಾಗ ಈ ಪೇಪರ್ ಇದ್ದದ್ದು ನನಗಿಂತ ಹಿರಿಯರೊಬ್ಬರ ಕೈಯಲ್ಲಿ. ಪಂಡಿತರು, ಅನುಮಾನವಿಲ್ಲ. ಆದರೆ ಗೈಡ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವರಿಗೆ ಮೈಯೆಲ್ಲ ಉರಿ. ತರಗತಿಯಲ್ಲಿ ಗೈಡ್ ಕಂಡರೆ ಅದು ಕಿಟಕಿಯಿಂದ ಹೊರಗೆ ಹಾರುತ್ತಿತ್ತು. ಅವರು ಓದಿ ಎನ್ನುತ್ತಿದ್ದದ್ದು ಇಟ್ಟಿಗೆಯಂಥ ಇಂಗ್ಲಿಷ್ ಪುಸ್ತಕ. ನಮ್ಮ ಮಕ್ಕಳೋ ಒಂದನೇ ತರಗತಿಯಿಂದ ಬಿ.ಎ.ವರೆಗೆ ಕನ್ನಡದಲ್ಲೇ ಓದಿ, ಕೂಡ್ಲಿಗಿ, ಹಡಗಲಿ ಕಡೆಯ ಹಳ್ಳಿಗಳಿಂದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬರುವವರು. ಆ ಪುಸ್ತಕದ ಒಂದು ವಾಕ್ಯ ಶುರುವಾದರೆ ಪುಟ ತಿರುವಿದರೂ ಕ್ರಿಯಾಪದ ಸಿಗುತ್ತಿರಲಿಲ್ಲ. ಮಕ್ಕಳು ಏನು ಮಾಡಿದರು? ಗೈಡಿಗೆ ಪೇಪರಿನ ರಟ್ಟು ಹಾಕಿ ಕದ್ದು ಓದಿದರು. ಕದ್ದು ಕೊಂಡದ್ದನ್ನು ಯಾರಿಗೆ ತೋರಿಸಿ ಸರಿಯೋ ತಪ್ಪೋ ಕೇಳುತ್ತಾರೆ? ಬಸ್ ಸ್ಟ್ಯಾಂಡಿನ ಅಂಗಡಿಯವನು ಕೊಟ್ಟದ್ದೇ ಸಂವಿಧಾನವಾಯಿತು. ಗೈಡ್ ಬೇಡ ಎಂದ ಮಾತ್ರಕ್ಕೆ ಗೈಡ್ ಹೋಗುವುದಿಲ್ಲ, ಕೆಟ್ಟ ಗೈಡ್ ಬರುತ್ತದೆ. ಆ ಪೇಪರ್ ನನ್ನ ಪಾಲಿಗೆ ಬಂದ ದಿನದಿಂದ ನಾನೇ ಗೈಡುಗಳನ್ನು ತರಿಸಿ, ಓದಿ, ಇದನ್ನು ತಗೊಳ್ಳಿ ಎಂದು ಹೇಳತೊಡಗಿದೆ.

ಹೇಗೆ ಆರಿಸಬೇಕು? ಮುಖಪುಟ ನೋಡಬೇಡಿ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತನ್ನು ನಮ್ಮ ಹಿರಿಯರು ಗೈಡ್ ನೋಡಿಯೇ ಹೇಳಿದಂತಿದೆ. ‘ಪರಿಷ್ಕೃತ ಆವೃತ್ತಿ’ ಎಂದು ಕೆಂಪು ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಒಳಗೆ ನಮ್ಮ ಅಪ್ಪನ ಕಾಲದ ನೋಟ್ಸೇ ಇರುತ್ತದೆ. ಮೊದಮೊದಲು ನಾನು ಆಸ್ತಿಯ ಹಕ್ಕಿನ ಪುಟ ತೆರೆದು ನೋಡುತ್ತಿದ್ದೆ. ಅದು ಈಗ ಮೂಲಭೂತ ಹಕ್ಕಲ್ಲ. ನಲವತ್ನಾಲ್ಕನೇ ತಿದ್ದುಪಡಿ ಅದನ್ನು ಆ ಸಾಲಿನಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿತು. ಇನ್ನೂ ಮೂಲಭೂತ ಹಕ್ಕು ಎಂದೇ ಬರೆದಿದ್ದರೆ ಆ ಗೈಡ್ ಕಟ್ಟಿಟ್ಟುಬಿಡುತ್ತಿದ್ದೆ. ಆಮೇಲೆ ನನಗೆ ಇನ್ನೊಂದು ತಿಳಿಯಿತು. ಅದೇ ತಿದ್ದುಪಡಿ ತುರ್ತು ಪರಿಸ್ಥಿತಿಯ ಅಧ್ಯಾಯವನ್ನೂ ಬದಲಿಸಿದೆ. ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದರೂ ಇಪ್ಪತ್ತು ಮತ್ತು ಇಪ್ಪತ್ತೊಂದನೇ ವಿಧಿಗಳನ್ನು ಅಮಾನತಿನಲ್ಲಿ ಇಡುವಂತಿಲ್ಲ. ಇಪ್ಪತ್ತೊಂದು ಎಂದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು. ಗೈಡ್ ಬರೆಯುವವರು ಆಸ್ತಿಯನ್ನು ಮರೆಯದೆ ತಿದ್ದಿರುತ್ತಾರೆ, ಜೀವವನ್ನು ಮರೆತಿರುತ್ತಾರೆ. ಆದ್ದರಿಂದ ನೀವು ತುರ್ತು ಪರಿಸ್ಥಿತಿಯ ಪುಟವನ್ನೇ ಮೊದಲು ತೆಗೆಯಿರಿ.

ಅದು ಸರಿಯಿದ್ದರೆ ಕೊನೆಗೆ ನಮ್ಮ ಭಾಗದ ವಿಶೇಷ ಸ್ಥಾನಮಾನದ ವಿಧಿ ನೋಡಿ, ಮುನ್ನೂರ ಎಪ್ಪತ್ತೊಂದು ಜೆ. ಅದು ಬಂದಾಗ ಬಳ್ಳಾರಿ ಜಿಲ್ಲೆ ಅದರೊಳಗೆ ಸೇರಿತು, ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು, ಆಮೇಲೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರ. ಈ ಓಡಾಟವನ್ನು ಯಾವ ಗೈಡೂ ಸರಿಯಾಗಿ ಹಿಡಿದಿರಲಿಲ್ಲ. ತರಗತಿಯಲ್ಲಿ ಈ ವಿಧಿ ತೆಗೆದರೆ ಜಗಳವೇ. ಹಂಪಸಾಗರದ ಮೈಲಾರಪ್ಪ ಅಂತ ಒಬ್ಬನಿದ್ದ. ಕುರಿ ಸಾಕುವ ಮನೆಯವನು, ಮದುವೆಯಾಗಿ ಮಕ್ಕಳಾದ ಮೇಲೆ ಲಾ ಓದಲು ಬಂದವನು, ಬಾಯಿ ಜೋರು. ಹರಪನಹಳ್ಳಿಯವರನ್ನು ಕಂಡರೆ, “ಲೇ, ನೀವು ಸಂವಿಧಾನದ ಬಾಗ್ಲಾಗ ನಿಂತೋರು, ಒಳಗ ಬಂದೀರೋ ಇಲ್ಲೋ ನೋಡ್ಕಳ್ರಿ,” ಎಂದು ಕಾಡಿಸುತ್ತಿದ್ದ. ಅವರೂ ಬಿಡುತ್ತಿರಲಿಲ್ಲ. ನಾನು ಡಸ್ಟರ್ ಬಡಿದು ಬಡಿದು ಕೈ ಸೋಲುತ್ತಿತ್ತು. ಆದರೆ ಆ ವಿಧಿಯನ್ನು ಪರೀಕ್ಷೆಯಲ್ಲಿ ತಪ್ಪು ಬರೆದವರನ್ನು ನಾನು ಕಾಣಲಿಲ್ಲ.

ಒಳ್ಳೆಯ ಗೈಡ್ ಹೇಳಿಬಿಟ್ಟರೆ ನಿಮ್ಮ ಕೆಲಸ ಮುಗಿಯಿತು ಅಂದುಕೊಂಡಿರೋ, ಕೆಟ್ಟಿರಿ. ನಮ್ಮ ಮಕ್ಕಳಲ್ಲಿ ‘ತುಂಡು’ ಎಂಬ ಪದ್ಧತಿಯಿತ್ತು. ಐದು ತಾಲ್ಲೂಕಿನ ಐವರು ಸೇರಿ ಒಂದು ಗೈಡ್ ಕೊಳ್ಳುವುದು, ಬೈಂಡಿಂಗ್ ಅಂಗಡಿಯಲ್ಲಿ ಅದನ್ನು ಐದು ತುಂಡು ಮಾಡಿಸಿ, ಒಂದೊಂದಕ್ಕೂ ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿಸುವುದು. ಕೂಡ್ಲಿಗಿಗೆ ಒಂದು, ಕೊಟ್ಟೂರಿಗೆ ಒಂದು, ಹಗರಿಬೊಮ್ಮನಹಳ್ಳಿಗೆ ಒಂದು, ಹಡಗಲಿಗೆ, ಹರಪನಹಳ್ಳಿಗೆ ಒಂದೊಂದು. ಸೋಮವಾರಕ್ಕೊಮ್ಮೆ ಕಾಲೇಜಿನ ಬೇವಿನ ಮರದ ಕೆಳಗೆ ಬದಲಾಯಿಸಿಕೊಳ್ಳುವುದು. “ನಿನ್ನ ತುಂಡು ಯಾವ್ದಲೇ?” “ನಂದು ರಾಷ್ಟ್ರಪತಿ. ನಿಂದು?” ಎಂದು ಮಾತಾಡಿಕೊಳ್ಳುವುದನ್ನು ಕೇಳಿದರೆ ಹೊರಗಿನವರಿಗೆ ಹುಚ್ಚು ಹಿಡಿಯಬೇಕು. ಫೋನಿನಲ್ಲಿ ಪಿಡಿಎಫ್ ಬಂದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. ಕಾಗದದಲ್ಲಿ ಗೆರೆ ಎಳೆದು ಓದಿದರೇ ತಲೆಗೆ ಹತ್ತುವುದು ಎನ್ನುತ್ತಿದ್ದರು, ನಾನೂ ಹೂಂ ಎನ್ನುತ್ತಿದ್ದೆ.

ಈಗ ಹಸೀನಾಳ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅವಳಿಗಾಗಿ. ಕೊಟ್ಟೂರಿನಲ್ಲಿ ಡೀಸೆಲ್ ಪಂಪ್ ರಿಪೇರಿ ಮಾಡುವ ಖಾಸಿಂಸಾಬರ ಮಗಳು. ಓದು ಶುರುಮಾಡಿದ ಮೇಲೆ ಮದುವೆ, ಮಗು, ಆಮೇಲೆ ತವರಿಗೆ ಮರಳಿದ್ದು, ಹೀಗೆ ವರ್ಷಗಳು ಸೋರಿಹೋಗಿದ್ದವು. ಎಲ್ಲ ಪೇಪರ್ ಮುಗಿದು ಸಂವಿಧಾನ ಒಂದೇ ಉಳಿದಿತ್ತು. ಇಷ್ಟು ವರ್ಷದೊಳಗೆ ಕೋರ್ಸ್ ಮುಗಿಸಬೇಕು ಎಂಬ ನಿಯಮವಿದೆಯಲ್ಲ, ಅದರ ಪ್ರಕಾರ ಅವಳಿಗೆ ಅದು ಕಡೆಯ ಅವಕಾಶ. ಈ ಸಲ ಹೋದರೆ ಹಿಂದಿನ ಪಾಸಾದ ಪೇಪರುಗಳೂ ನೀರುಪಾಲು. ಹೊಟ್ಟೆಪಾಡಿಗೆ ಕೂಡ್ಲಿಗಿ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. “ಮಂದಿ ಅರ್ಜಿ ಟೈಪ್ ಮಾಡಿ ಮಾಡಿ ಸಾಕಾಗೇತಿ ಮೇಡಂ,” ಎಂದಿದ್ದಳು ಒಮ್ಮೆ. “ವಕೀಲರು ಅಂತ ಇರ್ತೈತಲ್ರಿ ಕೆಳಗ, ಅಲ್ಲಿ ಒಂದ್ಸಲನಾದ್ರೂ ನನ್ನ ಹೆಸರು ಟೈಪ್ ಮಾಡ್ಬೇಕು.”

ಅದೇ ವರ್ಷ ಹೊಸ ಪ್ರಾಂಶುಪಾಲರು ಬಂದರು. ಬಂದ ತಿಂಗಳಲ್ಲೇ ನನ್ನನ್ನು ಕರೆದು ಹೊಚ್ಚಹೊಸ ಗೈಡೊಂದನ್ನು ಮೇಜಿನ ಮೇಲೆ ಸರಿಸಿದರು. ಅವರ ಭಾಮೈದನೇ ಬರೆದು ಅಚ್ಚು ಹಾಕಿಸಿದ್ದು. “ಈ ವರ್ಷ ಎಲ್ಲಾರಿಗೂ ಇದನ್ನ ಹೇಳ್ರಿ ಮೇಡಂ.” ನಾನು ಅಲ್ಲೇ ನಿಂತು ತುರ್ತು ಪರಿಸ್ಥಿತಿಯ ಪುಟ ತೆಗೆದೆ. ತುರ್ತು ಪರಿಸ್ಥಿತಿಯಲ್ಲಿ ಜೀವದ ಹಕ್ಕೂ ಸೇರಿದಂತೆ ಎಲ್ಲ ಮೂಲಭೂತ ಹಕ್ಕುಗಳೂ ಅಮಾನತಾಗುತ್ತವೆ, ಅವುಗಳಿಗಾಗಿ ಕೋರ್ಟಿಗೆ ಹೋಗುವಂತಿಲ್ಲ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

“ಸರ್, ಇದು ತಪ್ಪು. ಈ ಕಾನೂನು ಬದಲಾಗಿ ನಮ್ಮ ವಿದ್ಯಾರ್ಥಿಗಳ ವಯಸ್ಸಿಗಿಂತ ಹೆಚ್ಚಾಯ್ತು.”

“ಒಂದು ಸಾಲು ಮೇಡಂ. ಪಾಸಾಗಾಕ ಇಷ್ಟು ಸಾಕು. ಯಾರು ನೋಡ್ತಾರ?”

“ನಾನು ನೋಡೀನಲ್ಲ ಸರ್. ಹೇಳೋದಿಲ್ಲ.”

ಅವರು ಗೈಡನ್ನು ವಾಪಸ್ ಎಳೆದುಕೊಂಡರು. ಮುಂದಿನ ವಾರವೇ ಹೊಸ ಬ್ಯಾಚಿನ ಸಂವಿಧಾನದ ಪೇಪರನ್ನು ನನ್ನಿಂದ ಕಿತ್ತು ಬೇರೆಯವರಿಗೆ ಕೊಟ್ಟರು. ಪರೀಕ್ಷೆಯ ದಿನಗಳಲ್ಲಿ ನನಗೆ ಹರಪನಹಳ್ಳಿಯ ಕೇಂದ್ರದಲ್ಲಿ ಉತ್ತರ ಪತ್ರಿಕೆಗಳ ಬಂಡಲ್ ಕಟ್ಟುವ ಕೆಲಸ ಹಾಕಿದರು. ನಿವೃತ್ತಿಗೆ ಹತ್ತಿರವಿದ್ದವಳಿಗೆ ಸುತಲಿ ದಾರ ಕೊಟ್ಟು ಕೂರಿಸಿದ್ದು! ಆದರೆ ಹಸೀನಾಳ ಗುಂಪು ನಾನು ಹೇಳಿದ ಗೈಡನ್ನೇ ಕೊಂಡು ತುಂಡು ಮಾಡಿಸಿತ್ತು. ಅಷ್ಟು ಸಾಕು, ಉಳಿದದ್ದು ಹಾಳಾಗಿ ಹೋಗಲಿ ಎಂದು ಸುಮ್ಮನಾದೆ. ಹೊಸ ಬ್ಯಾಚಿನವರ ಕೈಯಲ್ಲೆಲ್ಲ ಭಾಮೈದನ ಗೈಡ್ ಓಡಾಡುತ್ತಿತ್ತು.

ಸಂವಿಧಾನದ ಪರೀಕ್ಷೆಯ ದಿನ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ಹತ್ತಿದೆ. ಮೈಲಾರಪ್ಪನೂ ಹತ್ತಿದ. ಅವನಿಗೂ ಅದೇ ಪೇಪರ್ ಬಾಕಿಯಿತ್ತು, ಹಸೀನಾಳ ಗುಂಪಿನಲ್ಲೇ ಇದ್ದ. ನನ್ನ ಪಕ್ಕ ಕೂತು ನಗತೊಡಗಿದ.

“ಏನಪ್ಪಾ, ಓದಿ ಮುಗಿಸಿ ನಗಾಕ ಹತ್ತೀಯೋ, ಓದದೇನೋ?”

“ನಿಮಗ ಹೇಳ್ಬಾರ್ದು ಅಂದ್ಕಂಡಿದ್ದೆ ಮೇಡಂ. ತುರ್ತು ಪರಿಸ್ಥಿತಿ ತುಂಡು ನನ್ನ ಹತ್ರ ಇತ್ತಲ್ರಿ, ಅದನ್ನ ಕುರಿಮರಿ ತಿಂದ್ಬಿಡ್ತು! ಹಟ್ಟ್ಯಾಗ ಇಟ್ಟಿದ್ದೆ. ಮುಂಜಾನಿ ನೋಡಿದ್ರ ಕ್ಯಾಲೆಂಡರ್ ರಟ್ಟು ಒಂದ ಉಳದೈತಿ.”

ನಾನೂ ನಕ್ಕೆ. ನಗುತ್ತಲೇ ಕೇಳಿದೆ, “ಮತ್ತೆ ಮುಂದಿನವರಿಗೆ ಏನು ಕೊಟ್ಟಿ?”

“ಹಸೀನಾಗ ಕೊಡಾದಿತ್ತು. ಆಕಿ ಬಾಯಿಗೆ ಯಾರು ಬೀಳ್ತಾರ್ರಿ? ಹೊಸಾ ಬ್ಯಾಚಿನ ಹುಡುಗನ ಗೈಡಿಂದ ಆ ಅಧ್ಯಾಯ ಕೊಯ್ದು, ಅದ ರಟ್ಟು ಹಾಕಿ ಕೊಟ್ಟೆ. ಆಕಿಗೆ ಗೊತ್ತ ಆಗಿಲ್ಲ!”

“ಅಯ್ಯೋ ಎಡವಟ್ಟ! ಯಾವ ಗೈಡೋ ಅದು, ಪ್ರಾಂಶುಪಾಲರದ್ದೇನೋ?” ಅವನ ನಗು ನಿಂತಿತು. ಹೌದೆಂದು ತಲೆಯಾಡಿಸಿದ. ಆ ತುಂಡು ಸಿಕ್ಕ ಮೇಲೆ ಗುಂಪಿನಲ್ಲಿ ಅದನ್ನು ಓದಿದ್ದು ಹಸೀನಾ ಒಬ್ಬಳೇ. ಉಳಿದವರು ಮೊದಲೇ ಓದಿ ಮುಗಿಸಿದ್ದರು. ಮೇಲಾಗಿ, ತುರ್ತು ಪರಿಸ್ಥಿತಿ ಬಂದೇ ಬರುತ್ತದೆ, ಅದನ್ನು ಗಟ್ಟಿ ಮಾಡಿಕೋ ಎಂದು ಅವಳಿಗೆ ಹೇಳಿದವಳು ನಾನೇ. ಬಸ್ಸಿನಲ್ಲೇ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಸ್ವಿಚ್ ಆಫ್. ಕೊಟ್ಟೂರು ದಾಟಿದ ಮೇಲೆ ಬಸ್ಸಿನ ಟೈರ್ ಬೇರೆ ಪಂಕ್ಚರ್! ಇಬ್ಬರೂ ಇಳಿದು ರಸ್ತೆಯಲ್ಲಿ ಕಂಡಕಂಡ ಗಾಡಿಗೆ ಕೈ ಅಡ್ಡ ಹಿಡಿದೆವು. ಟೊಮೆಟೊ ಕ್ರೇಟಿನ ಗಾಡಿಯವನೊಬ್ಬ ಹತ್ತಿಸಿಕೊಂಡ. ಹಿಂದೆ ಕ್ರೇಟುಗಳ ನಡುವೆ ಕೂತ ಮೈಲಾರಪ್ಪ, “ಮೇಡಂ, ತಪ್ಪಾತ್ರಿ, ತಪ್ಪಾತ್ರಿ,” ಎನ್ನುತ್ತಲೇ ಇದ್ದ. ನಾನು ಮುಂದೆ ಕೂತು ಮತ್ತೆ ಮತ್ತೆ ಹಸೀನಾಳಿಗೆ ಫೋನ್ ಹಚ್ಚುತ್ತಿದ್ದೆ.

ಕೇಂದ್ರ ತಲುಪಿದಾಗ ಗಂಟೆ ಹೊಡೆದು, ಪ್ರಶ್ನೆಪತ್ರಿಕೆ ಹಂಚಿಯಾಗಿತ್ತು. ಮೈಲಾರಪ್ಪ ಒಳಗೆ ಓಡಿದ. ನಾನು ದಾರದ ಉಂಡೆ ಹಿಡಿದು ಕಚೇರಿಯಲ್ಲಿ ಕೂತೆ, ಕೂತಲ್ಲಿ ಕೂರಲಾಗಲಿಲ್ಲ. ಪ್ರಶ್ನೆಪತ್ರಿಕೆ ನೋಡಿದೆ. ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳ ಸ್ಥಿತಿಯನ್ನು ವಿವರಿಸಿ. ದೊಡ್ಡ ಪ್ರಶ್ನೆ, ದೊಡ್ಡ ಅಂಕ.

ಸ್ವಲ್ಪ ಹೊತ್ತಿಗೆ ಕೇಂದ್ರದ ಮುಖ್ಯಸ್ಥರು ಓಡಿಬಂದರು. ಒಬ್ಬ ಮೇಲ್ವಿಚಾರಕರಿಗೆ ತಲೆ ಸುತ್ತಿ ಬಂದಿತ್ತಂತೆ. “ಬೇರೆ ಯಾರಾದ್ರೂ ಬರೋತನಕ ಆ ರೂಮಿನಲ್ಲಿ ನಿಂತ್ಕೊಳ್ರಿ ಮೇಡಂ.” ವಿಷಯ ಕಲಿಸುವವರು ಆ ದಿನ ಕೊಠಡಿಗೆ ಹೋಗುವಂತಿಲ್ಲ ಎಂದೆ. “ಮಾತಾಡ್ಬ್ಯಾಡ್ರಿ, ಅಷ್ಟೇ. ಮಕ್ಕಳನ್ನ ಖಾಲಿ ಬಿಡಾಕಾಗ್ತದಾ?” ಎಂದರು. ಹೋದೆ. ಎರಡನೇ ಸಾಲಿನಲ್ಲಿ ಹಸೀನಾ ಕೂತಿದ್ದಳು.

ನನ್ನನ್ನು ನೋಡಿ ಅವಳ ಮುಖ ಅರಳಿತು. ಒಮ್ಮೆ ನಕ್ಕು ಮತ್ತೆ ತಲೆ ತಗ್ಗಿಸಿ ಬರೆಯತೊಡಗಿದಳು. ನಾನು ಸಾಲುಗಳ ನಡುವೆ ನಡೆದು ಅವಳ ಹಿಂದೆ ನಿಂತೆ. ಮುತ್ತಿನಂಥ ಅಕ್ಷರ. ಜೀವದ ಹಕ್ಕೂ ಸೇರಿದಂತೆ ಎಲ್ಲ ಮೂಲಭೂತ ಹಕ್ಕುಗಳೂ ಅಮಾನತಾಗುತ್ತವೆ ಎಂದು ಬರೆದು, ಕೆಳಗೆ ಸ್ಕೇಲ್ ಇಟ್ಟು ಗೆರೆಯನ್ನೂ ಎಳೆದಿದ್ದಳು.

ದೇವರೇ! ಒಂದು ಮಾತು ಸಾಕಿತ್ತು. ಮಾತೂ ಬೇಡ, ಆ ಸಾಲಿನ ಮೇಲೆ ಬೆರಳಿಟ್ಟಿದ್ದರೂ ಸಾಕಿತ್ತು, ಜಾಣೆ, ಅವಳಿಗೆ ತಿಳಿಯುತ್ತಿತ್ತು. ಅವಳ ಜೀವನವೇ ಆ ಸಾಲಿನಲ್ಲಿತ್ತು. ನನ್ನ ಬೆರಳು ಸೀರೆಯ ಸೆರಗನ್ನು ತಿರುಚಿ ತಿರುಚಿ ಹಿಡಿಯಿತು. ಆದರೆ ಅದೇ ಕೊಠಡಿಯಲ್ಲಿ ಇನ್ನೂ ಹಲವರು ಬರೆಯುತ್ತಿದ್ದರು, ಅವರ ಹಿಂದೆ ನಿಂತು ಬೆರಳಿಡಲು ಯಾರಿದ್ದರು? ಎಲ್ಲರಿಗೂ ಕಾನೂನು ಒಂದೇ ಎಂದು ಆಯುಷ್ಯವೆಲ್ಲ ಕಲಿಸಿದವಳು ನಾನು. ಬಾಯಿಗೆ ಬೀಗ ಹಾಕಿಕೊಂಡು ಮುಂದಿನ ಬೆಂಚಿಗೆ ನಡೆದೆ. ಬೇರೆಯವರು ಬಂದು ನನ್ನನ್ನು ಬಿಡಿಸುವ ಹೊತ್ತಿಗೆ ಅವಳು ಪುಟ ತಿರುವಿದ್ದಳು.

ಹೊರಗೆ ಬಂದವಳು ನನ್ನ ಕೈ ಹಿಡಿದಳು. “ಒಂದು ಪ್ರಶ್ನಿ ಪೂರ್ತಿ ಬಿಟ್ಟೀನಿ ಮೇಡಂ, ಇನ್ನೊಂದು ಅರ್ಧಂಬರ್ಧ. ಆದ್ರ ತುರ್ತು ಪರಿಸ್ಥಿತಿ ಒಂದಕ್ಷರ ಬಿಡದಂಗ ಬರದೀನಿ. ಅದ ನನ್ನ ದಡ ಸೇರಸ್ತೈತಿ.” ದೂರದಲ್ಲಿ ಮೈಲಾರಪ್ಪ ನಮ್ಮ ಕಡೆ ಬರಲಾರದೆ ನಿಂತಿದ್ದ. “ಆಗಲವ್ವ,” ಎಂದೆ. ಫಲಿತಾಂಶ ಬರುವ ಮೊದಲೇ ಹೇಳಿ ಅವಳ ನಿದ್ದೆ ಕೆಡಿಸುವುದರಲ್ಲಿ ಅರ್ಥವಿರಲಿಲ್ಲ. ನನ್ನ ನಿದ್ದೆ ಕೆಟ್ಟಿತು.

ಫಲಿತಾಂಶ ಬರುವಾಗ ನಾನು ನಿವೃತ್ತಳಾಗಿದ್ದೆ. ಫೋನ್ ಬಂತು. ಆ ಕಡೆಯಿಂದ ಬರೀ ಅಳು. “ಮೇಡಂ, ಪಾಸಾದ್ನಿ! ಪಾಸಾದ್ನಿ ಮೇಡಂ!” ನಾನೂ ಅತ್ತೆ. ಫೋನ್ ಇಟ್ಟ ಮೇಲೆ ತಲೆ ಕೆಲಸ ಮಾಡತೊಡಗಿತು. ಆ ಉತ್ತರಕ್ಕೆ ಅಂಕ ಬೀಳದೆ ಅವಳು ಪಾಸಾಗುವುದು ಸಾಧ್ಯವೇ ಇರಲಿಲ್ಲ. ಅಂದರೆ ಯಾರೋ ಆ ಸಾಲು ಓದಿ ಸರಿ ಎಂದು ಗುರುತು ಹಾಕಿದ್ದರು, ಇಲ್ಲವೇ ಓದದೆಯೇ ಹಾಕಿದ್ದರು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಾಳೆ ಈಕೆ ಕರಿಕೋಟು ಹಾಕಿ ನಿಂತಾಗ, ಯಾರನ್ನೋ ಒಳಗೆ ಹಾಕಿದ್ದಾರೆ ಎಂದು ಅವರ ಮನೆಯವರು ಓಡಿಬಂದಾಗ, ಕಾಲ ಕೆಟ್ಟಿದೆ, ಏನೂ ಮಾಡಲು ಬರುವುದಿಲ್ಲ ಎಂದು ಹೇಳಿ ಕಳಿಸಿದರೆ? ಮರುದಿನವೇ ಕೊಟ್ಟೂರಿಗೆ ಹೋದೆ.

ಖಾಸಿಂಸಾಬರು ಅಂಗಡಿಯಲ್ಲಿ ಪಂಪ್ ಬಿಚ್ಚಿಕೊಂಡು ಕೂತಿದ್ದರು. ಎಣ್ಣೆ ಕೈ ಒರೆಸಿಕೊಂಡು ಎದ್ದರು. “ಬರ್ರಿ ಮೇಡಮ್ಮಾರ, ಬರ್ರಿ! ಬೇಟಾ, ಮೇಡಂ ಬಂದಾರ ನೋಡು!” ಹಸೀನಾ ಒಳಗಿನಿಂದ ಪೇಡೆಯ ಡಬ್ಬಿ ಹಿಡಿದುಕೊಂಡೇ ಬಂದಳು. ನಾನು ಪೇಡೆ ಮುಟ್ಟಲಿಲ್ಲ. ಮೊದಲು ಹೇಳಿಬಿಡುತ್ತೇನೆ ಎಂದು ಎಲ್ಲ ಹೇಳಿದೆ. ಕುರಿಮರಿ, ರಟ್ಟು, ಭಾಮೈದನ ಗೈಡ್, ಎಲ್ಲ.

“ತಪ್ಪಾ?” ಎಂದಳು.

“ಪೂರ್ತಿ ತಪ್ಪು.”

“ಅವತ್ತು ನೀವು ನನ್ನ ಹಿಂದ ನಿಂತಿದ್ರಿ. ನೋಡಿದ್ರೇನು?”

“ನೋಡಿದೆ.”

“ನೋಡಿ ಹಂಗ ಹೋದ್ರಿ.” ಅವಳ ಧ್ವನಿ ಏರಿತು. “ನಾ ಫೇಲಾಗಿದ್ರ ಮೇಡಂ?”

“ಫೇಲಾಗಿದ್ರ ಇಲ್ಲೇ ಬಂದು ನಿನ್ನ ಜತಿ ಅಳ್ತಿದ್ದೆ. ಆದ್ರ ಆ ರೂಮಿನಾಗ ಹೇಳ್ತಿದ್ದಿಲ್ಲ.”

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಕಣ್ಣು ತಗ್ಗಿಸಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೇ ಕೂತಿದ್ದೆ. ಆದರೆ ಅವಳಿಗೆ ಬೇರೇನೋ ಹೊಳೆದು ಬಾಯಿಗೆ ಕೈ ಒಯ್ದಳು. “ಯಾ ಅಲ್ಲಾ! ಆ ತುಂಡು ಕೂಡ್ಲಿಗಿ ಹುಡುಗಿಗೆ ಕೊಟ್ಟೀನಿ ಮೇಡಂ. ಆಕಿ ಈ ಸಲ ಬರಿತಾಳ!” ಪೇಡೆಯ ಡಬ್ಬಿಯನ್ನು ಪಂಪಿನ ಪಕ್ಕದಲ್ಲೇ ಇಟ್ಟು ಫೋನ್ ತೆಗೆದಳು. “ಹಲೋ, ನಾ ಹಸೀನಾ. ನಾ ಕೊಟ್ಟ ತುಂಡು ಹರದ್ಹಾಕು. ಹೂಂ, ಹರದ್ಹಾಕು ಅಂದೆ. ಕೇಳಿಲ್ಲಿ, ಬರ್ಕೋ. ತುರ್ತು ಪರಿಸ್ಥಿತಿ ಬರ್ಲಿ, ಏನ ಬರ್ಲಿ, ಇಪ್ಪತ್ತು, ಇಪ್ಪತ್ತೊಂದು ಮುಟ್ಟಂಗಿಲ್ಲ. ಜೀವದ ಹಕ್ಕಿಗೆ ಕೋರ್ಟಿನ ಬಾಗ್ಲು ಮುಚ್ಚಂಗಿಲ್ಲ. ಯಾರು? ಯಾರೂ ಮುಚ್ಚಂಗಿಲ್ಲ!” ಮಾತಾಡುತ್ತಲೇ ಓಣಿಗೆ ಇಳಿದು ಅತ್ತಿಂದಿತ್ತ ತಿರುಗತೊಡಗಿದಳು.

ಖಾಸಿಂಸಾಬರು ಅವಳನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಸ್ಟೂಲ್ ಎಳೆದುಕೊಂಡು ನನ್ನ ಎದುರು ಕೂತರು.

“ಮೇಡಮ್ಮಾರ, ಈಕಿ ಪರೀಕ್ಷಿಗೆ ಅಂತ ದಿನಾ ಮುಂಜಾನಿ ಅದನ್ನ ಜೋರಾಗಿ ಓದ್ತಿದ್ಲು. ಸರ್ಕಾರ ಬೇಕಂದ್ರ ಜೀವದ ಹಕ್ಕೂ ಹೋಗ್ತೈತಿ, ಕೋರ್ಟಿಗೂ ಹೋಗಂಗಿಲ್ಲ ಅಂತ. ನಾ ಇಲ್ಲೆ ಕುಂತು ಕೇಳ್ತಿದ್ದೆ. ಬುಕ್ಕಿನ್ಯಾಗ ಐತಿ ಅಂದ್ರ ಖರೇನ ಇರ್ಬೇಕು ಅಂದ್ಕಂಡೆ. ಯಾರನ್ನ ಕೇಳ್ಲಿ? ಆಕಿನ ಕೇಳಿದ್ರ ಓದಾದು ಕೆಡ್ತೈತಿ. ನಮ್ಮಂಥೋರ ಗತಿ ಏನು ಅಂತ ಅಂಜಿಕಿ ಹೊಕ್ಕಬಿಟ್ಟಿತ್ರಿ. ಯಾರಿಗೂ ಹೇಳಿಲ್ಲ.” ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. “ಅದು ತಪ್ಪಂತ ಈಗ ಹೇಳಿದ್ರಲ್ಲ?”

“ಹೌದು ಖಾಸಿಂಸಾಬ್. ಪೂರ್ತಿ ತಪ್ಪು.”

“ಇನ್ನೊಮ್ಮೆ ಹೇಳ್ರಿ,” ಎಂದರು.